ಎಡಗಡೆಯ ಹೂವು

ಅಂಗಡಿಯ ಹಿಂದಿನ ಕೋಣೆಯಿಂದ,
ಸೋಮವಾರ ಬೆಳಿಗ್ಗೆ

ನಮ್ಮನೆ ಯಜಮಾನಿಗೆ,

ಹೇಗಿದ್ದೀಯ? ಊಟ ಸೇರುತ್ತಿದೆಯಾ, ರಾತ್ರಿ ನಿದ್ದೆ ಬರುತ್ತಿದೆಯಾ? ಡಾಕ್ಟರು ಹೇಳಿದ ಹಾಗೆ ಬೆಳಿಗ್ಗೆ ಸಂಜೆ ನಡೆಯುತ್ತಿದ್ದೀಯಾ, ಇಲ್ಲಾ ಮಗಳ ಮನೆಯ ಕಿಟಕಿ ಪಕ್ಕ ಕೂತು ಅವಳ ಅಡುಗೆಯಲ್ಲಿ ತಪ್ಪು ಹುಡುಕುತ್ತಿದ್ದೀಯಾ? ಅಮ್ಮನ ಕಾಲು ಈಗ ಎಳೆಯುವುದಿಲ್ಲ, ಮಾತು ಮೊದಲಿನಷ್ಟೇ ಚುರುಕಾಗಿದೆ ಎಂದು ಅವಳು ಫೋನಿನಲ್ಲಿ ಹೇಳಿದಳು. ಮಾತಿನ ಚಿಂತೆ ನನಗೆ ಮೊದಲಿಂದಲೂ ಇರಲಿಲ್ಲ ಬಿಡು. ನಿನ್ನ ಬಾಯಿಯ ತಂಟೆಗೆ ಹೋಗುವ ಧೈರ್ಯ ಆ ಹಾಳು ಲಕ್ವಕ್ಕೂ ಬರಲಿಲ್ಲ, ಬಲಗೈ ಹಿಡಿದುಕೊಂಡು ಸುಮ್ಮನಾಯಿತು. ಇಲ್ಲಿ ನಾನೂ ಸೊಸೆಯೂ ಚೆನ್ನಾಗಿದ್ದೇವೆ. ಮಗ ಎಂದಿನಂತೆ ಲಾರಿ ಓಡಿಸಿಕೊಂಡು ಊರೂರು ಸುತ್ತುತ್ತಿದ್ದಾನೆ. ಅಂಗಡಿಯಲ್ಲಿ ಹರಿದ ಬೂಟುಗಳಿಗೆ ಕೊರತೆಯಿಲ್ಲ, ಜನ ನಡೆಯುವುದನ್ನು ನಿಲ್ಲಿಸುವವರೆಗೆ ನನಗೆ ಬಿಡುವೂ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವಾರ ನೀನು ಮಗಳ ಕೈಲಿ ಹೇಳಿಸಿದ ಮಾತು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. "ಬಣ್ಣದ ಪೆಟ್ಟಿಗೆ ಯಾರಿಗಾದ್ರೂ ಕೊಟ್ಬಿಡಿ ಅಂತ ಅಪ್ಪಂಗೆ ಹೇಳು, ಅದರ ಋಣ ಮುಗೀತು" ಎಂದೆಯಂತೆ. ಎಡಗೈಗೆ ಪೆನ್ಸಿಲ್ ಕೊಟ್ಟರೆ ಮೂಲೆಗೆ ಎಸೆದೆಯಂತೆ. ಈ ಬೀದಿಯಲ್ಲಿ ಯಾರ ಹುಟ್ಟುಹಬ್ಬ ಬಂದರೂ ನಿನ್ನ ಹೂವಿನ ಕಾರ್ಡು ಹೋಗದೆ ಇದ್ದದ್ದುಂಟೇ? ಕೂದಲೆಳೆಯಂಥ ಗೀಟು ಎಳೆಯುತ್ತಿದ್ದವಳಿಗೆ ತನ್ನದೇ ಸೊಟ್ಟ ಗೀಟು ನೋಡಲು ಅವಮಾನ, ಅದು ನನಗೆ ಅರ್ಥವಾಗುತ್ತದೆ. ಆದರೆ ಪೆಟ್ಟಿಗೆ ಕೊಟ್ಟುಬಿಡುವ ಮಾತು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಸಿಟ್ಟಿನಲ್ಲೇ ಬೀರುವಿನ ಮೇಲಿಂದ ಅದನ್ನು ಇಳಿಸಿದೆ. ಕೊಡಲಿಕ್ಕಲ್ಲ, ತೆರೆಯಲಿಕ್ಕೆ. ಬರುವ ಶುಕ್ರವಾರ ನಿನ್ನ ಹುಟ್ಟುಹಬ್ಬ. ಎಲ್ಲರಿಗೂ ಕಾರ್ಡು ಮಾಡಿದವಳಿಗೆ ಇದುವರೆಗೆ ಒಬ್ಬರೂ ಮಾಡಿಕೊಟ್ಟಿಲ್ಲ. ಬೂಟು ಹೊಲಿಯುವ ಈ ಕೈಯೇ ಮಾಡಲಿ ಎಂದು ಕೂತೆ.

ಮೊದಲ ಕಾರ್ಡಿನ ಕಥೆ ಕೇಳಿದರೆ ನೀನು ನಗುತ್ತೀಯ, ನಗು. ನೀನು ಮಾಡುತ್ತಿದ್ದ ಹಾಗೆಯೇ ದಪ್ಪ ಕಾಗದದ ಅಂಚಿಗೆಲ್ಲ ಟೇಪು ಹಚ್ಚಿ, ಹಲಗೆಗೆ ಕೂರಿಸಿ, ಅಗಲದ ಬ್ರಷ್ಷಿನಲ್ಲಿ ನೀರು ಬಳಿದೆ. ಬಳಿದೆ ಎನ್ನುವುದೇನು, ಅದಕ್ಕೆ ತಲೆಸ್ನಾನವನ್ನೇ ಮಾಡಿಸಿದೆ. ಮೇಲೆ ತಿಳಿನೀಲಿ ಬಿಟ್ಟರೆ ಅದು ನನ್ನ ಮಾತು ಕೇಳದೆ ಹರಿದಾಡಿ ಒಂದು ಮೂಲೆಗೆ ಹೋಗಿ ಕೆರೆ ಕಟ್ಟಿತು. ಕಾಗದವೋ ಉಬ್ಬಿ, ಡೊಂಕಾಗಿ, ಮುನಿಸಿಕೊಂಡವರ ಹಾಗೆ ಮುಖ ತಿರುಗಿಸಿತು. ಒಣಗಿದ ಮೇಲೆ ಚಪ್ಪಟೆಯಾಗಲಿ ಎಂದು ಬೂಟು ಕೂರಿಸುವ ಮರದ ಕಾಲಚ್ಚುಗಳನ್ನೆಲ್ಲ ಅದರ ಮೇಲೆ ಹೇರಿಟ್ಟೆ. ಸೊಸೆ ಬೇಕರಿ ಕೆಲಸ ಮುಗಿಸಿ ಬಂದು ನೋಡಿದವಳು, ಮಾವ ಆಕಾಶ ಬರೆಯಲು ಹೋಗಿ ನೀರು ಸೋರಿದ ಗೋಡೆ ಬರೆದಿದ್ದಾರೆ ಎಂದು ತೀರ್ಪು ಕೊಟ್ಟಳು. ನಿನ್ನ ಕೈಕೆಳಗೆ ಪಳಗಿದ ಸೊಸೆಯಲ್ಲವೇ, ನಾಲಿಗೆ ಹಾಗೇ ಇರುತ್ತದೆ.

ಹೂವು ಬರೆಯಲು ನೋಡಿದೆ. ಸೊಸೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ "ಇದು ಫ್ಯಾನಾ ಮಾವ?" ಎಂದ ಮೇಲೆ ಬ್ರಷ್ಷು ಕೆಳಗಿಟ್ಟು ನನ್ನ ಉಳಿ ಕೈಗೆತ್ತಿಕೊಂಡೆ. ಬರೆಯಲು ಬಾರದಿದ್ದರೆ ಹೋಯಿತು, ಕೊರೆಯಲು ಬರುತ್ತದಲ್ಲ. ಬೂಟಿನ ಅಟ್ಟೆಯ ರಬ್ಬರಿಗೆ ನಮ್ಮಲ್ಲೇನು ಬರವೇ? ನೀನು ಯಾವಾಗಲೂ ಬರೆಯುವ ಆ ಐದೆಸಳಿನ ಹೂವು, ತೊಟ್ಟು ಒಂದು ಕಡೆಗೆ ಬಾಗಿರುತ್ತದಲ್ಲ, ಅದನ್ನೇ ನಿನ್ನ ಹಳೆಯ ಕಾರ್ಡೊಂದನ್ನು ಮುಂದಿಟ್ಟುಕೊಂಡು ರಬ್ಬರಿನಲ್ಲಿ ಕೊರೆದು ಅಚ್ಚು ಮಾಡಿದೆ. ಬಣ್ಣ ಹಚ್ಚಿ ಒತ್ತಿದರೆ ಹೂವಿನ ಬದಲು ಬರೀ ಹನಿಗಳು ಬಿದ್ದವು. ಹೊಸ ರಬ್ಬರು ನೀರನ್ನು ಹತ್ತಿರ ಸೇರಿಸುವುದಿಲ್ಲ. ಅಂಟು ಹಚ್ಚುವ ಮೊದಲು ಅಟ್ಟೆಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಒರಟು ಮಾಡುತ್ತೇವಲ್ಲ, ಇದನ್ನೂ ಹಾಗೇ ಉಜ್ಜಿದೆ. ಬಣ್ಣ ಚೆನ್ನಾಗಿ ಕೂತಿತು. ಆದರೆ ನನಗೆ ತಾಳ್ಮೆ ಎಲ್ಲಿದೆ, ಹೊಸ ಕಾಗದಕ್ಕೆ ಬಳಿದ ನೀಲಿ ಆರುವ ಮೊದಲೇ ಒತ್ತಿಬಿಟ್ಟೆ. ಎಸಳಿನ ಅಂಚೆಲ್ಲ ನೀಲಿಯೊಳಗೆ ಕದಡಿತು. ಹಾಳಾಯಿತು ಎಂದು ಮಡಚಿ ಎಸೆಯಲು ಹೋದರೆ ಸೊಸೆ ಕಿತ್ತುಕೊಂಡು, ಗೋಡೆಗೆ ಒರಗಿಸಿಟ್ಟು, ದೂರ ನಿಂತು ನೋಡಿ, ಇರೋದರಲ್ಲಿ ಇದೇ ಚೆಂದ, ಇಬ್ಬನಿಯಲ್ಲಿ ನೆಂದ ಹಾಗಿದೆ ಎಂದಳು. ನಾನೂ ದೂರ ಹೋಗಿ ನೋಡಿದೆ. ಹೌದು ಕಣೇ, ಚೆನ್ನಾಗಿತ್ತು. ಅದಾದ ಮೇಲೆ ಬೇಕೆಂದೇ ಹಸಿಯಿರುವಾಗ ಒತ್ತಿದೆ.

ಇನ್ನೊಂದು ಎಡವಟ್ಟು ಕೇಳು. ಮೊದಲ ಅಚ್ಚು ಕೊರೆದು ಮುಗಿಸಿದವನು ಕೈ ಕೂಡ ಒರೆಸಿಕೊಳ್ಳದೆ ಮತ್ತೊಂದು ತುಂಡು ರಬ್ಬರು ತೆಗೆದು, ಅದೇ ಹೂವನ್ನು ಇನ್ನೊಂದು ಕಡೆಗೆ ಬಾಗುವಂತೆ ಕೊರೆದುಬಿಟ್ಟಿದ್ದೆ. ಯಾಕೆ ಎಂದು ಯೋಚಿಸಿಯೇ ಇರಲಿಲ್ಲ. ಸೊಸೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, "ಮಾವ, ಹೂವಿಗೂ ಎಡಗಾಲು ಬಲಗಾಲು ಮಾಡಿದ್ರಲ್ಲ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಜನ್ಮವಿಡೀ ಜೊತೆಜೊತೆಯಾಗಿ ಮಾಡಿದ ಕೈಗೆ ಒಂದು ಮಾಡಿ ನಿಲ್ಲಿಸು ಎಂದರೆ ಎಲ್ಲಿ ತಿಳಿಯುತ್ತದೆ? ನಾನೂ ನಕ್ಕೆ. ಆಮೇಲೆ ಸೊಸೆ ಒಳಗೆ ಹೋದಳು, ನಾನು ಆ ಎರಡು ಹೂವುಗಳನ್ನು ನೋಡುತ್ತಾ ಕೂತೆ. ನೀನಿಲ್ಲದ ಮನೆ ನನಗೆ ಹಿಡಿಸುತ್ತಿಲ್ಲ. ಬಾಯಿಬಿಟ್ಟು ಹೇಳಿದ್ದೇನೆ, ಈ ಸಾಲನ್ನು ಮಗಳಿಗೆ ಓದಿ ಹೇಳಬೇಡ.

ಅಂತೂ ಕಾರ್ಡು ಇದರ ಜೊತೆಗಿದೆ. ಬಲಗಡೆ ಒಂದು ಹೂವು ಒತ್ತಿದ್ದೇನೆ, ಎಡಗಡೆಗೆ ಬಾಗಿ ನಿಂತಿದೆ. ಆ ಎಡಗಡೆಯಲ್ಲಿ ಬರೀ ನೀಲಿ. ಅರ್ಧ ಕಾರ್ಡು ಖಾಲಿ ಬಿಟ್ಟು ಕಳಿಸುತ್ತಾರೆಯೇ, ಅತ್ತೆ ಏನೆಂದುಕೊಳ್ಳುತ್ತಾರೆ ಎಂದು ಸೊಸೆ ರೇಗಿದಳು. ಸುಸ್ತಾಯಿತು ಎಂದು ಮಾತು ತೇಲಿಸಿಬಿಟ್ಟೆ. ಕೆಳಗಿನ ಮೂಲೆಯಲ್ಲಿ ಕಪ್ಪು ಪಾಲಿಶಿನ ಹೆಬ್ಬೆಟ್ಟಿನ ಗುರುತು ಬಿದ್ದಿದೆ, ಉಜ್ಜಿದಷ್ಟೂ ದೊಡ್ಡದಾಯಿತು. ಅದನ್ನೇ ನನ್ನ ಸಹಿ ಎಂದುಕೋ.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ ತಿಳಿಸು. ಸೊಸೆ ನಿನಗೆ ನಮಸ್ಕಾರ ಹೇಳಿದ್ದಾಳೆ, ಜೊತೆಗೆ ಮಾವ ಅಡುಗೆಮನೆಯ ಲೋಟದಲ್ಲೆಲ್ಲ ಬ್ರಷ್ಷು ತೊಳೆಯುತ್ತಾರೆ ಎಂಬ ದೂರನ್ನೂ ಸೇರಿಸಿದ್ದಾಳೆ. ನೂರು ಕಾಲ ಬಾಳು, ನನ್ನನ್ನು ಬೈಯುತ್ತಲೇ ಬಾಳು.

ಇಂತಿ,
ಬಾಯ್ತುಂಬ ಮೊಳೆ ಕಚ್ಚಿಕೊಂಡೇ ಮಾತಾಡುತ್ತಾನೆಂದು ನೀನೇ ಹೆಸರಿಟ್ಟ
ಮೊಳೆರಾಯ

ತಾ.ಕ.: ಸೊಸೆ ಇದನ್ನು ಅಂಚೆಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಕಾರ್ಡಿನ ಜೊತೆ ಬಟ್ಟೆಯಲ್ಲಿ ಸುತ್ತಿದ ಗಂಟೊಂದಿದೆ, ಬಿಚ್ಚು. ಎಡಗಡೆಯ ಹೂವಿನ ಅಚ್ಚು ಅದು. ಅದರ ಬೆನ್ನಿಗೆ ಹಳೆಯ ಬೂಟೊಂದರ ಮರದ ಹಿಮ್ಮಡಿ ಅಂಟಿಸಿದ್ದೇನೆ, ನಿನ್ನ ಎಡ ಅಂಗೈಗೆ ಸರಿಯಾಗಿ ಕೂರುತ್ತದೆ, ನಿನ್ನ ಕೈಯ ಅಳತೆ ನನಗೆ ಗೊತ್ತಿಲ್ಲವೇ? ಗೀಟು ಎಳೆಯಬೇಕಿಲ್ಲ, ಬೆರಳು ಬೇಕಿಲ್ಲ, ಅಂಗೈಯ ಭಾರ ಸಾಕು. ಕೆಂಪು ಬಣ್ಣದ ಬಿಲ್ಲೆಯೊಂದನ್ನೂ ಇಟ್ಟಿದ್ದೇನೆ. ಮಗಳ ಕೈಲಿ ಬಣ್ಣ ಹಚ್ಚಿಸಿಕೊಂಡು ಖಾಲಿ ಜಾಗದಲ್ಲಿ ನೀನೇ ಒತ್ತು. ಸೊಟ್ಟಗೆ ಬಿದ್ದರೆ ಬೀಳಲಿ, ನನ್ನದೂ ಸೊಟ್ಟವೇ. ಪೆಟ್ಟಿಗೆಯನ್ನು ಯಾರಿಗೂ ಕೊಡುವುದಿಲ್ಲ. ಆ ಬಿಲ್ಲೆಯ ಜಾಗ ಅದರಲ್ಲಿ ಖಾಲಿಯಿದೆ, ತಂದು ಇಡುವವಳು ನೀನೇ. ಇಷ್ಟು ವರ್ಷದಲ್ಲಿ ಜೊತೆಯಿಲ್ಲದ ಒಂಟಿ ಬೂಟನ್ನು ನಾನು ಅಂಗಡಿಯಿಂದ ಹೊರಗೆ ಕಳಿಸಿದವನಲ್ಲ. ಈ ಒಂಟಿ ಹೂವನ್ನು ಮಾತ್ರ ನಿನ್ನನ್ನು ನಂಬಿ ಕಳಿಸುತ್ತಿದ್ದೇನೆ.