ಬೀಗಿತ್ತಿ ಕೊಟ್ಟ ಪೇಪರ್ ಲೋಟ

ಉತ್ತರಹಳ್ಳಿ
೧೨ ಫೆಬ್ರವರಿ ೨೦೨೫, ಬುಧವಾರ

ನನ್ನ ಚಿನ್ನ ಚೈತ್ರಾ,

ನೀನು, ಅಳಿಯ ರಘು, ನನ್ನ ಮೊಮ್ಮಗಳು ಧೃತಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾಮಕರಣ ಮುಗಿಸಿಕೊಂಡು ಬೇಗೂರಿನಿಂದ ಬಂದ ಮೇಲೆ ಅಮ್ಮ ಒಂದು ಮಾತೂ ಆಡಿಲ್ಲವೆಂದು ನಿಮ್ಮಪ್ಪನ ಹತ್ತಿರ ದೂರು ಹೇಳಿದೆಯಂತೆ. ತಡವಾಯಿತು, ಬೈಯಬೇಡ. ಆಪರೇಷನ್ ಆದ ಮೇಲೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಫೋನಿನಲ್ಲಿ ನಾನೊಂದು ಹೇಳುವಷ್ಟರಲ್ಲಿ ನೀನು "ಏನಮ್ಮಾ? ಏನಂದೆ?" ಅಂತ ಮತ್ತೆ ಮತ್ತೆ ಕೇಳುತ್ತೀಯ. ನಿಮ್ಮತ್ತೆಗೂ ಕೇಳಿಸಲೆಂದು ಸ್ಪೀಕರ್ ಬೇರೆ ಹಾಕಿರುತ್ತೀಯ. ಅದಕ್ಕೇ ಪೆನ್ನು ಹಿಡಿದೆ. ಕಾಗದದ ಮೇಲೆ ನಾನು ತೊದಲುವುದಿಲ್ಲ ನೋಡು.

ಮೊದಲು ಒಳ್ಳೆಯ ಸುದ್ದಿ. ಹೋದ ವಾರ ಡಾಕ್ಟರಮ್ಮ ಕೆನ್ನೆಯೊಳಗೆ ಟಾರ್ಚ್ ಬಿಟ್ಟು ನೋಡಿ, "ಗಾಯ ಚೆನ್ನಾಗಿ ಮಾಗಿದೆ, ಗಡ್ಡೆ ಮತ್ತೆ ಬಂದಿಲ್ಲ" ಅಂದರು. ಮುದ್ದೆ ಮೆತ್ತಗೆ ಮಾಡಿದರೆ ನುಂಗುತ್ತೇನೆ. ಖಾರ ಮಾತ್ರ ಆಗುವುದಿಲ್ಲ. ಉಪ್ಪುಸಾರಿನ ಖಾರ ತಿನ್ನದ ಬಾಯಿಯೂ ಒಂದು ಬಾಯಾ ಅಂತ ಬೇಜಾರಾಗುತ್ತದೆ. ನಿಮ್ಮಪ್ಪನ ಕಥೆ ಕೇಳು. ಎಲೆಅಡಿಕೆ ಬಿಟ್ಟೇಬಿಟ್ಟೆನೆಂದು ದೇವರಾಣೆ ಮಾಡಿದ್ದರಲ್ಲ, ಮೊನ್ನೆ ಸ್ಕೂಟರ್ ಡಿಕ್ಕಿಯಲ್ಲಿ ತರಕಾರಿ ಚೀಲಕ್ಕೆ ಕೈ ಹಾಕಿದರೆ ಕಡ್ಡಿಪುಡಿ ಪೊಟ್ಟಣ! "ಅದು ನಂದಲ್ಲ ಕಣೇ, ಯಾರೋ ಇಟ್ಟಿರ್ಬೇಕು" ಅಂದರು. ಬೀಗ ಹಾಕಿದ ಡಿಕ್ಕಿಯೊಳಗೆ ಹೊಗೆಸೊಪ್ಪು ಯಾರು ಇಡುತ್ತಾರೆ, ನೀನೇ ಹೇಳು. ಅವರ ಕಣ್ಣೆದುರೇ ಬಚ್ಚಲಿಗೆ ಸುರಿದೆ. ಸಂಜೆಯವರೆಗೂ ಮುಖ ಊದಿಸಿಕೊಂಡಿದ್ದರು.

ಈಗ ನಾಮಕರಣದ ಮಾತು. ನಿನ್ನ ಬಾಣಂತನ ನಮ್ಮ ಮನೆಯಲ್ಲಿ ಆಗಬೇಕಿತ್ತು. ನಾನು ಆಸ್ಪತ್ರೆ ಸೇರಿದೆ, ನಿಮ್ಮತ್ತೆ ರುದ್ರಮ್ಮನವರು ತುಟಿ ಎರಡು ಮಾಡದೆ ಎಲ್ಲ ಹೊತ್ತರು. ಆ ಉಪಕಾರ ಮರೆಯುವವಳಲ್ಲ ನಾನು. ಆದರೆ ಅವತ್ತು ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕಾಫಿ ಬಂತು, ನನಗೊಬ್ಬಳಿಗೆ ಪೇಪರ್ ಲೋಟ. "ತಪ್ಪು ತಿಳ್ಕೋಬೇಡಿ ಸೊಣ್ಣಮ್ನೋರೇ, ಮಗು ಇರೋ ಮನೆ, ಎಂಜಲು ತಾಕಿ ಏನಾದ್ರೂ ಅಂಟ್ಕೊಂಡ್ರೆ ಕಷ್ಟ ಅಲ್ವಾ" ಅಂತ ಮೆಲ್ಲಗೆ ಹೇಳಿದರು. ಆಯಿತೆಂದು ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು.

ಊಟವಾದ ಮೇಲೆ ಎಲೆಅಡಿಕೆ ತಟ್ಟೆ ಬಂತು. ಸುಣ್ಣ, ಕಡ್ಡಿಪುಡಿ ಎಲ್ಲವೂ ಅದರಲ್ಲೇ. ಹೆಂಗಸರೆಲ್ಲ ಕೈ ಹಾಕಿದ ಮೇಲೆ ನಿಮ್ಮತ್ತೆ ಅದನ್ನು ನನ್ನ ಮುಂದೆಯೂ ಹಿಡಿದು, "ಚೂರು ಪುಡಿ ಹಾಕ್ಕೊಳಿ, ಪಾಪ, ಬಾಯಿ ಸಪ್ಪೆ ಆಗ್ಹೋಗಿರುತ್ತೆ" ಅಂದರು! ಅಯ್ಯೋ ದೇವರೇ, ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಎಂಜಲಿಗೆ ಅಷ್ಟು ಹೆದರಿದವರು, ನನ್ನ ಕೆನ್ನೆಯನ್ನು ತಿಂದ ಪುಡಿಯನ್ನೇ ಉಪಚಾರ ಮಾಡಿ ಕೊಡುತ್ತಿದ್ದರು. ಬೇಡವೆಂದು ಕೈ ಮುಗಿದೆ.

ಮಾರನೆಯ ದಿನ ಶ್ವೇತಳನ್ನು ಹಿಡಿದೆ. ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದಿದ್ದಾಳಲ್ಲ, ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ. ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳನ್ನು ನಿಲ್ಲಿಸಿ, "ನಿಜ ಹೇಳಮ್ಮ, ನನ್ನ ರೋಗ ಮಗೂಗೆ ಅಂಟುತ್ತಾ?" ಅಂತ ಕೇಳಿದೆ.

"ಅಂಟಲ್ಲ ಆಂಟಿ. ನಮ್ಮ ಲ್ಯಾಬಲ್ಲಿ ಅದೇ ಕೆಲಸ ಮಾಡೋದು. ಯಾವ ಜೀವಕೋಶ ಗಡ್ಡೆ ಆಗುತ್ತೆ ಅಂತ ನೋಡೋಕೆ ಇಲಿಗೆ ಸೂಜೀಲಿ ಚುಚ್ತೀವಿ. ಮನುಷ್ಯರ ಕೋಶ ತಗೊಂಡು ಮಾಮೂಲಿ ಇಲಿಗೆ ಹಾಕಿದ್ರೆ, ಇದು ನಂದಲ್ಲ ಅಂತ ಅದರ ಮೈಯೇ ಹೊಡೆದುಹಾಕುತ್ತೆ. ಹಂಗೆ ಹೊಡೆದಾಡೋ ಶಕ್ತಿ ಇಲ್ಲದ ಇಲೀನೇ ಸ್ಪೆಷಲ್ಲಾಗಿ ತರಿಸ್ಬೇಕು. ಅದರಲ್ಲೂ ಎಲ್ಲಾ ಸಲ ಗಡ್ಡೆ ಬೆಳೆಯಲ್ಲ."

"ಮತ್ತೆ ನನಗೆ ಯಾರಿಂದ ಬಂತು?"

"ಯಾರಿಂದಾನೂ ಇಲ್ಲ ಆಂಟಿ, ನಿಮ್ಮದೇ ಕೋಶ. ಅಡಿಕೆ, ಸುಣ್ಣ, ಹೊಗೆಸೊಪ್ಪು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೂತಿತ್ತಲ್ಲ. ದಿನಾ ಗಾಯ, ದಿನಾ ರಿಪೇರಿ. ಹಂಗೇ ಆಗ್ತಾ ಆಗ್ತಾ ಯಾವುದೋ ಒಂದು ಕೋಶಕ್ಕೆ ಬೆಳೆಯೋದು ಎಲ್ಲಿ ನಿಲ್ಲಿಸ್ಬೇಕು ಅನ್ನೋದೇ ಮರೆತುಹೋಗುತ್ತೆ. ಎಲ್ಲರಿಗೂ ಆಗಲ್ಲ. ಯಾರಿಗೆ ಆಗುತ್ತೆ ಅಂತ ಮೊದಲೇ ಹೇಳೋಕೂ ಆಗಲ್ಲ."

ನನಗೆ ಎಷ್ಟು ಹಗುರವಾಯಿತು ಗೊತ್ತಾ! ಸೂಜಿಯಲ್ಲಿ ಚುಚ್ಚಿದರೂ ಇಲಿಗೆ ಅಂಟದ್ದು ಅಜ್ಜಿಯ ಮುತ್ತಿನಿಂದ ಮೊಮ್ಮಗಳಿಗೆ ಅಂಟುತ್ತದೆಯೇ? ಖುಷಿಗೆ ಶ್ವೇತಳ ಬಟ್ಟೆಯನ್ನೆಲ್ಲ ನಾನೇ ಒಣಹಾಕಿ ಬಂದೆ. ಆಮೇಲೆ ಒಬ್ಬಳೇ ಕೂತಾಗ ಅವಳ ಕೊನೆಯ ಮಾತು ತಲೆಯಲ್ಲಿ ಕೊರೆಯತೊಡಗಿತು.

ನನಗೆ ಈ ಚಟ ಹತ್ತಿದ್ದು ನಿನ್ನನ್ನು ಹೆತ್ತ ಬಾಣಂತನದಲ್ಲಿ. ಬಾಣಂತಿಗೆ ಹಲ್ಲು ಗಟ್ಟಿಯಾಗಲೆಂದು ನಮ್ಮತ್ತೆ ಎಲೆಯೊಳಗೆ ಚೂರು ಪುಡಿ ಮಡಿಸಿ ಕೊಟ್ಟರು. ಮೊದಲ ದಿನ ತಲೆ ಸುತ್ತಿ ಗೋಡೆ ಹಿಡಿದುಕೊಂಡೆ, ಅವರು ನಕ್ಕರು. ಅವರಿಗೂ ಅವರತ್ತೆ ಕೊಟ್ಟದ್ದೇ. ಯಾರೂ ಕೆಟ್ಟ ಮನಸ್ಸಿನಿಂದ ಕೊಡಲಿಲ್ಲ, ಅದಕ್ಕೇ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ನಿನಗೆ ಬರಲಿ.

ಶಿವರಾತ್ರಿಗೆ ಧೃತಿಯನ್ನು ಕರೆದುಕೊಂಡು ಬಾ. ರುದ್ರಮ್ಮನವರನ್ನೂ ಕರೆ, ಶ್ವೇತಳ ಎದುರು ಕೂರಿಸೋಣ. ನಮ್ಮ ಮಾತಿಗಿಂತ ಅವಳ ಇಲಿಯ ಮಾತು ಅವರಿಗೆ ಹಿಡಿಸಬಹುದು. ಅವರೆಕಾಳು ಹಿತಕಿ ಈ ಕಾಗದದ ಜೊತೆ ನಿಮ್ಮಪ್ಪನ ಕೈಯಲ್ಲಿ ಕಳಿಸಿದ್ದೇನೆ. ರಘುಗೆ ಸಾರು ಮಾಡಿ ಹಾಕು. ನೀನು ಹೊಟ್ಟೆ ತುಂಬ ಉಣ್ಣು, ಹಾಲು ಕುಡಿಸುವವಳು. ನಿನ್ನ ಸಂಸಾರ ತಣ್ಣಗಿರಲಿ, ನನ್ನ ಧೃತಿ ನೂರು ವರ್ಷ ಬಾಳಲಿ.

ನಿನ್ನ ಅಮ್ಮ,
ಸೊಣ್ಣಮ್ಮ

ತಾ.ಕ.: ಅವತ್ತು ಹೊರಡುವಾಗ ಧೃತಿಯ ಕೆನ್ನೆಗೆ ಮುತ್ತಿಟ್ಟೆನಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತ ನಿಮ್ಮ ಬಾಗಿಲ ಪಕ್ಕದ ಕನ್ನಡಿ ಕಡೆ ಕಣ್ಣು ಹೋಯಿತು. ನೀನು ಆ ಕೆನ್ನೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಪೇಪರ್ ಲೋಟ ಏನೂ ಅನಿಸಲಿಲ್ಲ ಮಗಳೇ, ಇದಕ್ಕೆ ಮಾತ್ರ ದಾರಿಯುದ್ದಕ್ಕೂ ಅತ್ತೆ. ಇರಲಿ, ಒರೆಸು, ಬೇಕಾದರೆ ಸೋಪು ಹಾಕಿ ತೊಳಿ. ಆದರೆ ಒರೆಸುವಾಗ ನಿನ್ನ ಎಡಗೆನ್ನೆ ಉಬ್ಬಿತ್ತು. ನಾನು ಎಲೆ ಇಟ್ಟುಕೊಳ್ಳುತ್ತಿದ್ದ ಅದೇ ಜಾಗ. ಇದನ್ನು ಓದುವಾಗಲೂ ಅಲ್ಲಿ ಏನಾದರೂ ಇದ್ದರೆ, ಮೊದಲು ಎದ್ದು ಹೋಗಿ ಉಗಿದು ಬಾ.