ದ್ರಾಕ್ಷಿ ತೋಟದಲ್ಲಿ ಮಹಾರಾಜರ ಕಥೆ

ಪುಟ್ಟೇನಹಳ್ಳಿ, ಯಲಹಂಕ
11 ಫೆಬ್ರವರಿ 2025

ಪ್ರೀತಿಯ ಕನೀಜ್,

ಹೇಗಿದ್ದೀಯೆ? ಮಂಡಿನೋವು ಕಮ್ಮಿ ಆಯ್ತಾ? ನಿನ್ನ ಕಾಗದ ಬಂದು ತಿಂಗಳಾಯ್ತು, ಉತ್ತರ ಬರೆಯದೆ ಕೂತೆ, ಬೈಕೋಬೇಡ. ನಿನಗೆ ಫೋನಲ್ಲಿ ಕಿವಿ ಕೇಳಲ್ಲ. ಕೇಳಿದ್ದರೂ ಇದನ್ನ ಬಾಯಲ್ಲಿ ಹೇಳೋಕೆ ನನ್ನಿಂದ ಆಗ್ತಿರಲಿಲ್ಲ. ಮೈಯೆಲ್ಲ ಉರೀತಿದೆ ಕಣೇ.

ನನ್ನ ತಮ್ಮನ ಮಗ ನಿರಂಜನ್ ನಮ್ಮ ರಾಜಾನುಕುಂಟೆ ತೋಟದಲ್ಲಿ ವೈನ್ ಟೂರ್ ಶುರು ಮಾಡಿದ್ದಾನೆ. ನಮ್ಮ ಸಂಸ್ಕೃತಿ ನೋಡಬೇಕು ಅನ್ನೋ ಜನ ಭಾನುವಾರ ಬಸ್ಸಲ್ಲಿ ಬಂದು, ವೈನ್ ರುಚಿ ನೋಡಿ, ಬಾಳೆಲೆ ಊಟ ಮಾಡಿ ಹೋಗ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. "ಅತ್ತೆ, ನೀವೂ ಬನ್ನಿ" ಅಂದಾಗ ಖುಷಿಯಾಗೇ ಹೋದೆ. ನಮ್ಮ ಕಡೆ ಯಾರೂ ಉಡದ ಇಳಕಲ್ ಸೀರೆ ಕೊಟ್ಟು, ವೈನ್ ಮಾಡೋದನ್ನ ಬಂದವರಿಗೆ ತೋರಿಸೋಕೆ ತೊಟ್ಟಿಯಲ್ಲಿ ನಿಂತು ದ್ರಾಕ್ಷಿ ತುಳೀರಿ ಅಂದ! ತಿನ್ನೋ ಹಣ್ಣನ್ನ ಕಾಲಲ್ಲಿ ಮುಟ್ಟಿದ್ದರೆ ನಮ್ಮಮ್ಮ ಬೆನ್ನು ಮುರೀತಿದ್ದಳು.

ಆಗಲ್ಲ ಅಂತ ಪಕ್ಕಕ್ಕೆ ನಿಂತೆ. ಅವನು ಮೈಕ್ ಹಿಡಿದ: "ಇವು ನಮ್ಮ ಮುತ್ತಾತನಿಗೆ ಮಹಾರಾಜರು ಕೊಟ್ಟ ಬಳ್ಳಿಗಳು." ಯಾವ ಮಹಾರಾಜ ಕಣೇ? ಎಂಬತ್ತಾರನೇ ಇಸವಿಯಲ್ಲಿ ದೇವನಹಳ್ಳಿಯಿಂದ ಬಳ್ಳಿ ಕಡ್ಡಿಗಳನ್ನ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕ್ಕೊಂಡು ಬಂದೋರು ನಾನೂ ನೀನೂ. ಗುಂಡಿ ತೋಡಿ ತೋಡಿ ನಿನ್ನ ಅಂಗೈ ತುಂಬ ಬೊಬ್ಬೆ ಎದ್ದಿರಲಿಲ್ವಾ?

ತಡೆಯೋಕಾಗಲಿಲ್ಲ. "ಸುಳ್ಳು! ಇವನ್ನ ನೆಟ್ಟಿದ್ದು ನಾನು, ನನ್ನ ಗೆಳತಿ ಕನೀಜ್" ಅಂತ ಕೂಗಿದೆ. ಟೂರಿಗೆ ಬಂದಿದ್ದ ಸಂಯುಕ್ತಾ ಅನ್ನೋ ಹುಡುಗಿ ಅದನ್ನ ಕನ್ನಡ ಬಾರದವರಿಗೆ ಇಂಗ್ಲಿಷಲ್ಲಿ ಹೇಳಿದಳು. ಜನ ಗ್ಲಾಸು ಕೆಳಗಿಟ್ಟು ನನ್ನ ಸುತ್ತ ಬಂದು ನಿಂತರು. ಬಳ್ಳಿ ಹೇಗೆ ಸವರ್ತೀರಿ ಅಂತ ಕೇಳಿದರು. ಕತ್ತರಿ ಎಲ್ಲಿ ಬೀಳಬೇಕು ಅಂತ ಬೆರಳಿಟ್ಟು ತೋರಿಸಿದೆ.

ಬಸ್ಸು ಹೋದ ಮೇಲೆ ನಿರಂಜನ್ ಹಾರಾಡಿದ. "ಮರ್ಯಾದೆ ಕಳೆದ್ರಿ ಅತ್ತೆ! ನಿಮ್ಮ ಕಥೆ ಯಾರಿಗೆ ಬೇಕು?"

"ಇವತ್ತು ಕೇಳಿದರಲ್ಲೋ!" ಅಂದೆ. ಆ ಸುಳ್ಳು ನಿಲ್ಲಿಸೋವರೆಗೂ ತೋಟಕ್ಕೆ ಕಾಲಿಡಲ್ಲ ಅಂತ ಹೇಳಿ, ಬಳ್ಳಿ ಸವರೋ ನನ್ನ ಕತ್ತರಿ ಎತ್ತಿಕೊಂಡು ಮನೆಗೆ ಬಂದೆ.

ನಿನ್ನ ಮೊಮ್ಮಕ್ಕಳು ನೂರು ಕಾಲ ಚೆನ್ನಾಗಿರಲಿ. ನಿನ್ನ ದೇವರೂ ನನ್ನ ದೇವರೂ ಸೇರಿ ನಿನ್ನ ಮಂಡಿ ನೋಡಿಕೊಳ್ಳಲಿ.

ನಿನ್ನ
ಚನ್ನಕ್ಕ

ತಾ.ಕ.: ಒಂದನ್ನ ಮೇಲೆ ಬರೆಯೋಕೆ ಕೈ ಬರಲಿಲ್ಲ. ನಾನು ಕೂಗಿದಾಗ ಒಬ್ಬರು ಯಾರಿವರು ಅಂತ ಕೇಳಿದರು. ನನಗೆ ತಿಳಿಯಲ್ಲ ಅಂದುಕೊಂಡು ನಿರಂಜನ್ ಇಂಗ್ಲಿಷಲ್ಲಿ ಹೇಳಿದ, "ಗಾರ್ಡನ್ ಲೇಬರ್" ಅಂತ. ತಾಯಿ ಸತ್ತಾಗ ಅವನು ಮೂರು ತಿಂಗಳ ಕೂಸು. ಗೊತ್ತಾಗಿದ್ದ ಮದುವೆ ಬಿಟ್ಟು ಸಾಕಿದೆ ಕನೀಜ್. ಮಾತು ಬಂದಾಗ ಅವನು ಮೊದಲು ಅಮ್ಮ ಅಂದಿದ್ದು ನನಗೆ.