ಹಂದಿ ಕಚ್ಚಿದ ಸುದ್ದಿ

ಲೆಚ್ಚೆ ಸೀಮೆ, ಸಂತ ಮಾರ್ಟಿನರ ಹಬ್ಬದ ಮಾರನೆ ದಿನ, 1743

ಮಗ ವಿತಾಂಜೆಲೊನಿಗೆ ನಿನ್ನ ತಾಯಿಯ ಆಶೀರ್ವಾದ.

ನೇಪಲ್ಸಿನಿಂದ ನೀನು ಪಾದ್ರಿ ಓರೊಂಜೊ ಅವರಿಗೆ ಬರೆದ ಕಾಗದ ನಿನಗಿಂತ ಮೊದಲೇ ಬಂದುಬಿಟ್ಟಿತು. ಕಳೆದ ಭಾನುವಾರ ಅವರು ನನಗೆ ಸಮಾಧಾನ ಹೇಳಲು ಮನೆಗೆ ಬಂದಿದ್ದರು.

"ಅಯ್ಯೋ ತಾಯಿ, ಮೊಮ್ಮಗನ ತೊಡೆಸಂದಿಗೆ ಹಂದಿ ಕಚ್ತಂತೆ! ಬೀಜ ತೆಗೀದೆ ಬೇರೆ ದಾರಿ ಇರ್ಲಿಲ್ವಂತೆ. ಈಗ ಹ್ಯಾಗಿದಾನೆ?"

ನಿನ್ನ ಮಗ ಕಟಾಲ್ಡೊ ಅವರೆದುರೇ ಕೂತು ಆಲಿವ್ ಆರಿಸುತ್ತಿದ್ದ.

"ನೀವೇ ನೋಡಿ ಸ್ವಾಮಿ. ಕಚ್ಚೋ ಹಂದಿ ಇನ್ನೂ ನೇಪಲ್ಸಿಂದ ಬಂದಿಲ್ಲ," ಎಂದೆ. ಅವರು ಟೋಪಿ ಮರೆತು ಎದ್ದು ಹೋದರು.

ಹಾಡಿಗಾಗಿ ಮಗುವಿನ ಬೀಜ ಕೊಯ್ಯಿಸಿದರೆ ಶಿಕ್ಷೆಯುಂಟು, ಹಂದಿ ಕಚ್ಚಿದರೆ ಯಾರಿಗೂ ಇಲ್ಲ. ಅಷ್ಟು ನನಗೂ ತಿಳಿಯುತ್ತದೆ. ಹೋರಿಗೆ ಮಾಡಿದಂತೆ ಮಾಡಿಸಿದರೆ ಹುಡುಗನ ದನಿ ಒಡೆಯುವುದಿಲ್ಲ, ಅಂಥ ದನಿಗೆ ನೇಪಲ್ಸಿನಲ್ಲಿ ಒಳ್ಳೆ ಹಣ ಸಿಗುತ್ತದೆ ಎಂಬುದೂ ಗೊತ್ತು. ಆದರೆ ನೀನು ಹುಡುಗನಿಗೆ ತೋರಿಸಿದ ಹಾಗೆ ಹೋರಿಗೆ ನಾವು ಹೊಸ ಬೂಟಿನ ಆಸೆ ತೋರಿಸುವುದಿಲ್ಲ.

ನನಗೆ ಬರೆದ ಕಾಗದದಲ್ಲಿ, ತಿಂಗಳ ಕೊನೆಗೆ ಗೆಳೆಯನೊಬ್ಬನ ಜೊತೆ ಬರುತ್ತೇನೆ ಎಂದಿದ್ದೀಯ. ಆ ಗೆಳೆಯ ಕತ್ತಿಯ ಚೀಲ ಹೊತ್ತ ಕ್ಷೌರಿಕ ಎಂದು ಈಗ ಅರ್ಥವಾಯಿತು. ನೀನು ಒಬ್ಬನೇ ಬಾ. ಬರುವಾಗ ಉಪ್ಪು ತಾ. ಪಾದ್ರಿಯ ಟೋಪಿಯನ್ನು ನೀನೇ ಕೊಟ್ಟು ಬರಬೇಕು.

ಹುಡುಗ ಅಂದು ಎಲ್ಲವನ್ನೂ ಕೇಳಿಸಿಕೊಂಡ. "ಅಜ್ಜಿ, ಹಂದಿ ನನ್ನ ಯಾವತ್ತು ಕಚ್ಚುತ್ತೆ?" ಎನ್ನುತ್ತಾನೆ. ದಿನವೂ ಹಂದಿಗೂಡಿನ ಅಗಳಿಯನ್ನು ಎರಡೆರಡು ಸಲ ಜಗ್ಗಿ ನೋಡುತ್ತಾನೆ. ಆಮೇಲೆ ಮನೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಅಪ್ಪ ಬರುತ್ತಾನೆಂದು ದಾರಿ ಕಾಯುತ್ತಾನೆ.

ಯಾವ ಬಾಗಿಲಿಗೆ ಅಗಳಿ ಹಾಕಬೇಕೆಂದು ನಾನಿನ್ನೂ ಅವನಿಗೆ ಹೇಳಿಲ್ಲ.

ನಿನ್ನ ಅಮ್ಮ,
ದೊನಾತಾ